ಅಪರೂಪದ ಕ್ಯಾನ್ಸರ್‌ಗೇ ಮೀಸಲಾದ ಡಾಕ್ಟರ್: ಅವರು ತಯಾರಾಗುವುದು ಹೇಗೆ, ಮಾಡುವುದೇನು?

ಬಯಾಪ್ಸಿ ರಿಪೋರ್ಟ್ ಬಂದಿದೆ. ಅದರಲ್ಲಿ ಮನೆಯವರು ಯಾರೂ ಯಾವತ್ತೂ ಕೇಳದ ಒಂದು ಹೆಸರಿದೆ. ಡಾಕ್ಟರ್ ಅದನ್ನು ಎರಡು ಸಲ ಓದುತ್ತಾರೆ. ಆಮೇಲೆ ಹೇಳುತ್ತಾರೆ: "ಇಂಥದ್ದನ್ನು ನಾನು ನೋಡಿರುವುದು ಕಡಿಮೆ. ಇದನ್ನೇ ನೋಡುವವರೊಬ್ಬರಿದ್ದಾರೆ. ಅವರ ಹತ್ತಿರ ಕಳಿಸುತ್ತೇನೆ."

ಕೇಳಿದವರಿಗೆ ಎದೆ ಧಸಕ್ಕೆನ್ನುತ್ತದೆ. ಡಾಕ್ಟರಿಗೇ ಸರಿಯಾಗಿ ಗೊತ್ತಿಲ್ಲ ಅಂದಮೇಲೆ ನಮ್ಮ ಗತಿ ಏನು ಅನ್ನಿಸುತ್ತದೆ. ಆದರೆ ಆ ದಿನ ಅವರ ಕಿವಿಗೆ ಬಿದ್ದ ಮಾತುಗಳಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಮಾತು ಬಹುಶಃ ಅದೇ. ಯಾಕೆ ಅಂತ ತಿಳಿಯಬೇಕಾದರೆ, ಈ "ಇದನ್ನೇ ನೋಡುವವರು" ಯಾರು, ಅವರಿಗೆ ಬೇರೆಯವರಿಗಿಂತ ಜಾಸ್ತಿ ಗೊತ್ತಿರುವುದೇನು ಅನ್ನುವುದನ್ನು ನೋಡಬೇಕು. ಎಲ್ಲ ಅಪರೂಪದ ಕ್ಯಾನ್ಸರ್‌ಗಳನ್ನೂ ಒಟ್ಟಿಗೆ ಹೇಳಲು ಹೋದರೆ ಕೈಗೆ ಏನೂ ಸಿಗುವುದಿಲ್ಲ. ಹಾಗಾಗಿ ಒಂದನ್ನೇ ಹಿಡಿದು ಹೊರಡೋಣ. ಅದರ ಹೆಸರು ಮೀಸೋಥೀಲಿಯೋಮಾ.

ಅಪರೂಪ ಅಂದರೆ ಎಷ್ಟು ಅಪರೂಪ?

ಇದಕ್ಕೆ ಒಂದು ಲೆಕ್ಕವಿದೆ. ಯುರೋಪಿನಲ್ಲಿ, ಒಂದು ವರ್ಷದಲ್ಲಿ 1 ಲಕ್ಷ ಜನರಲ್ಲಿ 6 ಜನಕ್ಕಿಂತ ಕಡಿಮೆ ಮಂದಿಗೆ ಬರುವ ಕ್ಯಾನ್ಸರನ್ನು ಅಪರೂಪದ್ದು ಎನ್ನುತ್ತಾರೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಈ ಗೆರೆಯನ್ನು 15ಕ್ಕೆ ಎಳೆದಿದೆ.

ಇಲ್ಲೊಂದು ವಿಚಿತ್ರವಿದೆ. ಒಂದೊಂದೇ ತೆಗೆದುಕೊಂಡರೆ ಇವು ಅಪರೂಪ. ಎಲ್ಲವನ್ನೂ ಸೇರಿಸಿದರೆ ಅಪರೂಪವಲ್ಲ. ಯುರೋಪಿನ ಲೆಕ್ಕದ ಪ್ರಕಾರ ಹೊಸದಾಗಿ ಪತ್ತೆಯಾಗುವ ಐದು ಕ್ಯಾನ್ಸರ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ಈ ಗುಂಪಿಗೆ ಸೇರುತ್ತವೆ.

ಮೀಸೋಥೀಲಿಯೋಮಾ ಅಮೆರಿಕದಂಥ ದೊಡ್ಡ ದೇಶದಲ್ಲೂ ವರ್ಷಕ್ಕೆ ಸುಮಾರು 3,000 ಜನರಲ್ಲಿ ಪತ್ತೆಯಾಗುತ್ತದೆ. ಅಲ್ಲೇ ಶ್ವಾಸಕೋಶದ ಕ್ಯಾನ್ಸರ್ ಎರಡು ಲಕ್ಷ ದಾಟುತ್ತದೆ. ಎಲ್ಲ ಬಗೆಯ ಕ್ಯಾನ್ಸರನ್ನೂ ನೋಡುವ ಒಬ್ಬ ಡಾಕ್ಟರ್ ತಮ್ಮ ಇಡೀ ವೃತ್ತಿಯಲ್ಲಿ ಇಂಥ ರೋಗಿಗಳನ್ನು ಬೆರಳೆಣಿಕೆಯಷ್ಟು ಮಾತ್ರ ಕಾಣಬಹುದು. ಹಿಂದಿನ ರೋಗಿಯಿಂದ ಕಲಿತದ್ದು ಮುಂದಿನವರು ಬರುವ ಹೊತ್ತಿಗೆ ಹಳತಾಗಿರುತ್ತದೆ. ಇದು ಜಾಣತನದ ಕೊರತೆಯಲ್ಲ. ಕೈ ಪಳಗಲು ಅವಕಾಶವೇ ಸಿಕ್ಕಿಲ್ಲ, ಅಷ್ಟೆ.

ಮೀಸೋಥೀಲಿಯೋಮಾ ಎಂದರೇನು?

ನಮ್ಮ ಶ್ವಾಸಕೋಶದ ಮೇಲೆ ಒಂದು ತೆಳು ಪೊರೆ ಇದೆ. ಎದೆಗೂಡಿನ ಒಳಮೈಗೂ ಅದೇ ಪೊರೆಯ ಇನ್ನೊಂದು ಪದರ ಅಂಟಿಕೊಂಡಿದೆ. ಎರಡರ ನಡುವೆ ಕೆಲವೇ ಚಮಚೆಯಷ್ಟು ದ್ರವ. ಎರಡು ಗಾಜಿನ ಹಾಳೆಗಳ ನಡುವೆ ನೀರು ಸೇರಿದರೆ ಏನಾಗುತ್ತದೆ? ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆ, ಆದರೆ ಬಿಡಿಸಲು ಹೋದರೆ ಬರುವುದಿಲ್ಲ. ಉಸಿರಾಡುವಾಗ ಶ್ವಾಸಕೋಶ ಎದೆಗೂಡಿನ ಜೊತೆಗೇ ಹಿಗ್ಗುವುದು, ಆದರೂ ಎಲ್ಲೂ ಉಜ್ಜದಿರುವುದು ಈ ಏರ್ಪಾಟಿನಿಂದ. ಹೊಟ್ಟೆಯೊಳಗೂ, ಹೃದಯದ ಸುತ್ತಲೂ ಇಂಥದ್ದೇ ಪೊರೆ ಇದೆ. ಆ ಪೊರೆಯ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರೇ ಮೀಸೋಥೀಲಿಯೋಮಾ. ಹೆಚ್ಚಿನವರಿಗೆ ಬರುವುದು ಎದೆಯಲ್ಲಿ.

ಮುಖ್ಯ ಕಾರಣ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್. ಬೆಂಕಿಗೆ ಜಗ್ಗದ, ಅಗ್ಗದ ಖನಿಜ. ಹಾಗಾಗಿ ಹಡಗು, ಕೊಳವೆ, ಚಾವಣಿ ಶೀಟು, ವಾಹನಗಳ ಬ್ರೇಕು ಎಲ್ಲದರಲ್ಲೂ ಬಳಸಿದರು. ಅದರ ಧೂಳಿನ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಉಸಿರಿನಲ್ಲಿ ಒಳಹೋದರೆ ಕರಗುವುದಿಲ್ಲ. ದೇಹ ಅವನ್ನು ಹೊರಹಾಕಲು ನೋಡುತ್ತದೆ, ಆಗುವುದಿಲ್ಲ. ಅಲ್ಲೇ ಉರಿಯೂತ ಉಳಿದುಬಿಡುತ್ತದೆ. ಕ್ಯಾನ್ಸರ್ ಕಾಣಿಸಿಕೊಳ್ಳಲು 20ರಿಂದ 50 ವರ್ಷ ಹಿಡಿಯಬಹುದು. 25ನೇ ವಯಸ್ಸಿನಲ್ಲಿ ಕುಡಿದ ಧೂಳು 65ಕ್ಕೆ ಲೆಕ್ಕ ಕೇಳುತ್ತದೆ.

ಇದು ಬೆಳೆಯುವ ರೀತಿಯೂ ಬೇರೆ. ಬಹುತೇಕ ಕ್ಯಾನ್ಸರ್‌ಗಳು ಗಡ್ಡೆಯಾಗಿ ಬೆಳೆಯುತ್ತವೆ. ಇದು ಗೋಡೆಗೆ ಮೆತ್ತಿದ ಗಾರೆಯ ಹಾಗೆ ಪೊರೆಯುದ್ದಕ್ಕೂ ಹಬ್ಬುತ್ತದೆ. ಈ ಗಾರೆಯ ಹೋಲಿಕೆಯನ್ನು ನೆನಪಿನಲ್ಲಿಡಿ. ಮುಂದೆ ಬರುವ ಅರ್ಧಕ್ಕರ್ಧ ತೊಂದರೆಗಳಿಗೆ ಮೂಲ ಅದೇ.

ಕಿಂಬರ್ಲಿಯ ಟಿಬಿ ಆಸ್ಪತ್ರೆಯಲ್ಲಿ ಕಂಡದ್ದು

ಇಂಥ ಒಂದು ತಜ್ಞತೆ ಹುಟ್ಟುವುದು ಹೇಗೆ ಅನ್ನುವುದಕ್ಕೆ ದಕ್ಷಿಣ ಆಫ್ರಿಕಾದ ಈ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1950ರ ದಶಕ. ಕಿಂಬರ್ಲಿ ಎಂಬ ಗಣಿ ಊರಿನ ಟಿಬಿ ಆಸ್ಪತ್ರೆಯಲ್ಲಿ ಸ್ಲೆಗ್ಸ್ ಎಂಬ ಡಾಕ್ಟರ್ ಇದ್ದರು. ಎದೆಯಲ್ಲಿ ನೀರು ತುಂಬಿದ ರೋಗಿಗಳು ಅವರಲ್ಲಿ ಬರುತ್ತಿದ್ದರು. ಟಿಬಿ ಇರಬೇಕು ಅಂತ ಅದಕ್ಕೇ ಔಷಧ ಕೊಡುತ್ತಿದ್ದರು. ಒಂದು ವಿಷಯ ಅವರನ್ನು ಕಾಡತೊಡಗಿತು. ಊರಿನ ಪೂರ್ವದ ಕಡೆಯಿಂದ ಬಂದವರು ಔಷಧಕ್ಕೆ ಗುಣವಾಗುತ್ತಿದ್ದರು. ಪಶ್ಚಿಮದಿಂದ ಬಂದವರಲ್ಲಿ ಕೆಲವರು ಗುಣವಾಗುತ್ತಿರಲಿಲ್ಲ. ಅದೇ ಔಷಧ, ಅದೇ ಆಸ್ಪತ್ರೆ. ಹಾಗಿದ್ದರೆ ಪಶ್ಚಿಮದಲ್ಲಿ ಇರುವುದೇನು?

ಪಶ್ಚಿಮದಲ್ಲಿ ಇದ್ದದ್ದು ನೀಲಿ ಕಲ್ನಾರಿನ ಗಣಿಗಳು.

ಅತ್ತ ಕ್ರಿಸ್ಟೋಫರ್ ವ್ಯಾಗ್ನರ್ ಎಂಬ ಪೆಥಾಲಜಿಸ್ಟ್ 1956ರಲ್ಲಿ ಒಬ್ಬ ಕಾರ್ಮಿಕನ ಮರಣೋತ್ತರ ಪರೀಕ್ಷೆ ಮಾಡಿದ್ದರು. ಟಿಬಿ ಅಂದುಕೊಂಡಿದ್ದ ಎದೆಯೊಳಗೆ ಲೋಳೆಯಂಥ ಗಡ್ಡೆ ತುಂಬಿಕೊಂಡಿತ್ತು. ವ್ಯಾಗ್ನರ್, ಸ್ಲೆಗ್ಸ್ ಮತ್ತು ಮಾರ್ಚಂಡ್ ಎಂಬ ಮತ್ತೊಬ್ಬ ಡಾಕ್ಟರ್ ಒಟ್ಟಾದರು. ರೋಗಿಗಳು ಹುಟ್ಟಿದ್ದೆಲ್ಲಿ, ಬೆಳೆದದ್ದೆಲ್ಲಿ, ಮಾಡಿದ ಕೆಲಸವೇನು ಅಂತ ಹುಡುಕಿದರು. 1960ರಲ್ಲಿ ಮೀಸೋಥೀಲಿಯೋಮಾದ 33 ರೋಗಿಗಳ ವಿವರ ಪ್ರಕಟಿಸಿದರು. ಒಬ್ಬರನ್ನು ಬಿಟ್ಟು ಉಳಿದವರೆಲ್ಲರಿಗೂ ನೀಲಿ ಕಲ್ನಾರಿನ ಸಂಪರ್ಕ ಇದ್ದಿರಬಹುದು ಎಂಬುದು ಗೊತ್ತಾಯಿತು. ಕೆಲವರು ಗಣಿಯಲ್ಲಿ ದುಡಿದವರೇ ಅಲ್ಲ. ಚಿಕ್ಕವರಾಗಿದ್ದಾಗ ಗಣಿಯ ಹತ್ತಿರ ಬದುಕಿದ್ದವರು.

ಬರೀ 33 ಜನ. ದೊಡ್ಡ ಯಂತ್ರವಿಲ್ಲ, ಹೊಸ ಔಷಧವಿಲ್ಲ. ಒಂದೇ ಬಗೆಯ ರೋಗಿಗಳು ಒಂದೇ ಕಣ್ಣಿಗೆ ಮತ್ತೆ ಮತ್ತೆ ಬಿದ್ದರು. ಆ ಕಣ್ಣು ವ್ಯತ್ಯಾಸವನ್ನು ಗುರುತಿಸಿತು. ಹತ್ತು ಊರಿನ ಹತ್ತು ಡಾಕ್ಟರುಗಳಿಗೆ ಮೂರು ಮೂರು ರೋಗಿಗಳು ಹಂಚಿಹೋಗಿದ್ದರೆ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಅಪರೂಪದ ಕ್ಯಾನ್ಸರಿನ ತಜ್ಞರ ಬಂಡವಾಳ ಇದೇ. ಬೇರೆಡೆ ಅಪರೂಪವಾದದ್ದು ಅವರ ಕೋಣೆಯಲ್ಲಿ ದಿನನಿತ್ಯದ್ದಾಗಿರುತ್ತದೆ.

ಇದಕ್ಕೆ ಡಿಗ್ರಿ ಇದೆಯೇ?

ಇಲ್ಲ. ಮೀಸೋಥೀಲಿಯೋಮಾ ತಜ್ಞ ಅಂತ ಯಾವ ವಿಶ್ವವಿದ್ಯಾಲಯವೂ ಪದವಿ ಕೊಡುವುದಿಲ್ಲ. ಮೊದಲು ಎಲ್ಲರ ಹಾಗೆ ವೈದ್ಯಕೀಯ ಪದವಿ. ಆಮೇಲೆ ಒಂದು ದೊಡ್ಡ ವಿಭಾಗ: ಸರ್ಜರಿ, ಔಷಧದಿಂದ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುವ ಮೆಡಿಕಲ್ ಆಂಕಾಲಜಿ, ಶ್ವಾಸಕೋಶದ ವಿಭಾಗ, ರೇಡಿಯೇಷನ್, ಅಥವಾ ಅಂಗಾಂಶ ಪರೀಕ್ಷೆಯ ಪೆಥಾಲಜಿ. ಅದರೊಳಗೆ ಮತ್ತೆ ಎದೆಯ ಭಾಗಕ್ಕೆ ತರಬೇತಿ. ದೇಶದಿಂದ ದೇಶಕ್ಕೆ ವ್ಯತ್ಯಾಸವಿದ್ದರೂ ಒಟ್ಟು ಹನ್ನೆರಡು ಹದಿನೈದು ವರ್ಷ ಕಳೆದುಹೋಗುತ್ತದೆ.

ಆ ಹೊತ್ತಿಗೂ ಅವರು ತಜ್ಞರಾಗಿರುವುದಿಲ್ಲ. ಎದೆಯ ಸರ್ಜನ್ ಅಥವಾ ಆಂಕಾಲಜಿಸ್ಟ್ ಆಗಿರುತ್ತಾರೆ. ಅಲ್ಲಿಂದ ಮುಂದಿನದು ಗುರುವಿನ ಹತ್ತಿರ ಕಲಿಯುವ ವಿದ್ಯೆ. ಇಂಥ ರೋಗಿಗಳು ಜಾಸ್ತಿ ಬರುವ ಒಂದು ಆಸ್ಪತ್ರೆಯಲ್ಲಿ, ವರ್ಷಗಟ್ಟಲೆ ಇದನ್ನೇ ಮಾಡುತ್ತಿರುವ ಒಬ್ಬರ ಪಕ್ಕದಲ್ಲಿ ನಿಲ್ಲಬೇಕು. ರೋಗಿಗಳು ತಾವಾಗಿ ಬರುವುದಿಲ್ಲ, ಬೇರೆ ಡಾಕ್ಟರುಗಳು ಕಳಿಸಬೇಕು. ಕಳಿಸಬೇಕಾದರೆ ಇವರಿಗೆ ಹೆಸರಿರಬೇಕು. ಹೆಸರು ಬರಬೇಕಾದರೆ ರೋಗಿಗಳನ್ನು ನೋಡಿರಬೇಕು. ಈ ಸುತ್ತು ತಿರುಗಲು ಶುರುವಾಗುವುದೇ ಕಷ್ಟ. ಅದಕ್ಕೇ ಈ ತಜ್ಞರು ಹೆಚ್ಚಾಗಿ ಕೆಲವೇ ದೊಡ್ಡ ಆಸ್ಪತ್ರೆಗಳಲ್ಲಿ ಗುಂಪಾಗಿ ಇರುತ್ತಾರೆ.

ಅವರ ಕೋಣೆಯಲ್ಲಿ ನಡೆಯುವುದು

ಮೊದಲ ಭೇಟಿಯಲ್ಲಿ ಕೇಳುವ ಪ್ರಶ್ನೆಗಳು ರೋಗಿಗೆ ವಿಚಿತ್ರ ಅನ್ನಿಸಬಹುದು. ಇಪ್ಪತ್ತರ ವಯಸ್ಸಿನಲ್ಲಿ ಏನು ಕೆಲಸ ಮಾಡುತ್ತಿದ್ದಿರಿ? ಎರಡೇ ತಿಂಗಳು ಮಾಡಿ ಬಿಟ್ಟ ಕೆಲಸವಿದ್ದರೆ ಅದೂ ಬೇಕು. ತಂದೆ ಎಲ್ಲಿ ದುಡಿಯುತ್ತಿದ್ದರು? ಅವರು ಕೆಲಸದ ಬಟ್ಟೆಯಲ್ಲೇ ಮನೆಗೆ ಬರುತ್ತಿದ್ದರಾ? ಆ ಬಟ್ಟೆ ಒಗೆಯುತ್ತಿದ್ದವರು ಯಾರು?

ಕೊನೆಯ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. ಕಲ್ನಾರಿನ ಫ್ಯಾಕ್ಟರಿಗೆ ಕಾಲೇ ಇಡದ ಹೆಂಗಸರಿಗೆ ಈ ಕ್ಯಾನ್ಸರ್ ಬಂದದ್ದುಂಟು. ಗಂಡನ ಅಥವಾ ತಂದೆಯ ಅಂಗಿಯನ್ನು ಒಗೆಯುವ ಮುಂಚೆ ಕೊಡವಿದಾಗ ಎದ್ದ ಧೂಳೇ ಸಾಕಾಗಿತ್ತು. 1965ರಲ್ಲಿ ಲಂಡನ್ನಿನಲ್ಲಿ ನಡೆದ ಒಂದು ಅಧ್ಯಯನ ಇದನ್ನು ತೋರಿಸಿತು. ಈ ವಿಷಯ ಗೊತ್ತಿರುವ ಡಾಕ್ಟರ್ ಮಾತ್ರ ಆ ಪ್ರಶ್ನೆ ಕೇಳುತ್ತಾರೆ.

ಆಮೇಲೆ ಎದೆಯಲ್ಲಿ ತುಂಬಿದ ನೀರು. ರೋಗಿಯನ್ನು ಮುಂದಕ್ಕೆ ಬಾಗಿಸಿ, ಮೇಜಿನ ಮೇಲಿನ ದಿಂಬಿಗೆ ಕೈಯೂರಿಸಿ ಕೂರಿಸುತ್ತಾರೆ. ಬೆನ್ನಿನ ಕಡೆ ಮರಗಟ್ಟಿಸಿ, ಎರಡು ಪಕ್ಕೆಲುಬುಗಳ ನಡುವೆ ಸೂಜಿ ಹಾಕುತ್ತಾರೆ. ಹಳದಿ ಬಣ್ಣದ, ಕೆಲವೊಮ್ಮೆ ರಕ್ತ ಬೆರೆತ ದ್ರವ ಕೊಳವೆಯಲ್ಲಿ ಇಳಿಯುತ್ತದೆ. ಒಂದು ಲೀಟರ್ ಬರಬಹುದು, ಅದಕ್ಕಿಂತಲೂ ಜಾಸ್ತಿ ಬರಬಹುದು. ಒಂದೇ ಸಲಕ್ಕೆ ಎಲ್ಲವನ್ನೂ ತೆಗೆಯುವುದಿಲ್ಲ. ಒತ್ತಿಹೋಗಿದ್ದ ಶ್ವಾಸಕೋಶ ದಿಢೀರನೆ ಅರಳಿದರೆ ಅದಕ್ಕೇ ಪೆಟ್ಟಾಗಬಹುದು. ವಾರಗಳಿಂದ ಒಂದು ವಾಕ್ಯ ಪೂರ್ತಿ ಮಾತಾಡಲಾಗದವರು, ಸೂಜಿ ತೆಗೆದ ಮೇಲೆ ಒಂದು ದೀರ್ಘ ಉಸಿರು ಎಳೆದುಕೊಳ್ಳುತ್ತಾರೆ. ಕ್ಯಾನ್ಸರ್ ಹೋಗಿಲ್ಲ. ಆದರೆ ಆ ಉಸಿರಿಗೂ ಬೆಲೆಯಿದೆ. ನೀರು ಮತ್ತೆ ಮತ್ತೆ ತುಂಬಿದರೆ ಟಾಲ್ಕ್ ಪುಡಿ ಹಾಕಿ ಎರಡು ಪದರಗಳನ್ನು ಅಂಟಿಸುತ್ತಾರೆ. ಇಲ್ಲವೇ ಮನೆಯಲ್ಲೇ ನೀರು ಇಳಿಸಿಕೊಳ್ಳಲು ಸಣ್ಣ ಕೊಳವೆ ಇಟ್ಟು ಕಳಿಸುತ್ತಾರೆ.

ಕ್ಯಾನ್ಸರನ್ನು ಗುರುತಿಸುವುದೇ ದೊಡ್ಡ ಕೆಲಸ. ಸೂಕ್ಷ್ಮದರ್ಶಕದಲ್ಲಿ ಮೀಸೋಥೀಲಿಯೋಮಾ ಒಂದು ಬಗೆಯ ಶ್ವಾಸಕೋಶದ ಕ್ಯಾನ್ಸರಿನ ಹಾಗೇ ಕಾಣಬಹುದು. ಇನ್ನು ಕೆಲವು ಸಲ ಬರೀ ಉರಿಯೂತದಿಂದ ದಪ್ಪಗಾದ ಪೊರೆಯ ಹಾಗೆ ಕಾಣಬಹುದು. ಎರಡರ ಚಿಕಿತ್ಸೆಯೂ ಪೂರ್ತಿ ಬೇರೆ. ಹೀಗಾಗಿ ಬರೀ ಎದೆಯ ನೀರಿನ ಪರೀಕ್ಷೆ ಹಲವು ಸಲ ಸಾಲದು. ಪೊರೆಯ ತುಂಡನ್ನೇ ತೆಗೆಯಬೇಕಾಗುತ್ತದೆ. ಆ ತುಂಡಿಗೆ ಬೇರೆ ಬೇರೆ ಬಣ್ಣದ ಪರೀಕ್ಷೆಗಳನ್ನು ಮಾಡುತ್ತಾರೆ. ಕೆಲವು ಬಣ್ಣಗಳು ಪೊರೆಯ ಜೀವಕೋಶಕ್ಕೆ ಹಿಡಿಯುತ್ತವೆ, ಕೆಲವು ಶ್ವಾಸಕೋಶದ ಜೀವಕೋಶಕ್ಕೆ. ಒಂದೇ ಬಣ್ಣವನ್ನು ನಂಬುವುದಿಲ್ಲ. ಹೌದು ಅನ್ನುವ ಕನಿಷ್ಠ ಎರಡು, ಅಲ್ಲ ಅನ್ನುವ ಕನಿಷ್ಠ ಎರಡು ಸಾಕ್ಷಿ ಬೇಕು. ಒಬ್ಬರು ಇಂಥ ಊರಿನವರೇ ಅಂತ ಖಚಿತ ಮಾಡಿಕೊಳ್ಳಲು ಆ ಊರಿನಲ್ಲೂ ಪಕ್ಕದ ಊರಿನಲ್ಲೂ ವಿಚಾರಿಸಿದ ಹಾಗೆ. ಫ್ರಾನ್ಸ್‌ನಲ್ಲಿ ಇಂಥ ಸ್ಲೈಡ್‌ಗಳನ್ನು ಮತ್ತೊಮ್ಮೆ ನೋಡುವುದಕ್ಕೇ ಮೀಸೋಪ್ಯಾತ್ ಎಂಬ ಪರಿಣತರ ತಂಡವಿದೆ.

ಅಳತೆ ತೆಗೆಯುವುದೂ ಸಲೀಸಲ್ಲ. ಗಡ್ಡೆಯಾಗಿದ್ದರೆ ಅಡ್ಡಳತೆ ಇಷ್ಟು ಅಂತ ಬರೆದುಬಿಡಬಹುದು. ಗಾರೆಯನ್ನು ಹೇಗೆ ಅಳೆಯುವುದು? ಸ್ಕ್ಯಾನ್‌ನಲ್ಲಿ ಎದೆಗೂಡಿನ ಗೋಡೆಗೆ ಲಂಬವಾಗಿ ಅದರ ದಪ್ಪವನ್ನು ಹಲವು ಕಡೆ ಅಳೆದು ಕೂಡಿಸುತ್ತಾರೆ. ಮೂರು ತಿಂಗಳ ನಂತರ ಮತ್ತೆ ಅಳೆಯುವಾಗ ಅದೇ ಜಾಗ ಹಿಡಿಯಬೇಕು. ಒಂದೆರಡು ಮಿಲಿಮೀಟರ್ ತಪ್ಪಿದರೂ ಔಷಧ ಕೆಲಸ ಮಾಡುತ್ತಿದೆಯೋ ಇಲ್ಲವೋ ಅನ್ನುವ ತೀರ್ಮಾನವೇ ಬದಲಾಗಬಹುದು.

ಇಷ್ಟೂ ಮುಗಿದ ಮೇಲೆ ಒಂದು ಮೀಟಿಂಗ್. ಸರ್ಜನ್, ಆಂಕಾಲಜಿಸ್ಟ್, ರೇಡಿಯಾಲಜಿಸ್ಟ್, ಪೆಥಾಲಜಿಸ್ಟ್, ಶ್ವಾಸಕೋಶದ ಡಾಕ್ಟರ್, ನೋವು ಮತ್ತು ಉಪಶಮನ ಆರೈಕೆಯವರು, ಎಲ್ಲರೂ ಒಂದೇ ಪರದೆಯ ಮುಂದೆ ಕೂರುತ್ತಾರೆ. ಒಬ್ಬೊಬ್ಬ ರೋಗಿಯ ಬಗ್ಗೆ ಚರ್ಚೆ ನಡೆಯುತ್ತದೆ. ಸರ್ಜನ್ "ತೆಗೆಯಬಹುದು" ಅಂದರೆ, ಇನ್ನೊಬ್ಬರು "ತೆಗೆದರೆ ಏನು ಲಾಭ?" ಅಂತ ಕೇಳುತ್ತಾರೆ. ರೋಗಿಯ ಕಣ್ಣಿಗೆ ಕಾಣುವುದು ಒಬ್ಬ ಡಾಕ್ಟರ್. ಚಿಕಿತ್ಸೆಯನ್ನು ತೀರ್ಮಾನಿಸಿರುವುದು ಈ ಕೋಣೆ.

ಒಬ್ಬ ಸರ್ಜನ್, ಒಂದು ಆಪರೇಷನ್, ಮೂವತ್ತು ವರ್ಷ

ಡೇವಿಡ್ ಶುಗರ್‌ಬೇಕರ್ ಅಮೆರಿಕದ ಎದೆಯ ಸರ್ಜನ್. 1953ರಲ್ಲಿ ಹುಟ್ಟಿದವರು. ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ ಬಹುಕಾಲ ಇದ್ದು, 2014ರಲ್ಲಿ ಹ್ಯೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿಗೆ ಹೋದರು. 2018ರಲ್ಲಿ ತೀರಿಕೊಂಡರು. ಈ ಕ್ಯಾನ್ಸರಿನ ವಿಷಯ ಬಂದರೆ ಅವರ ಹೆಸರು ಬರದೆ ಇರುವುದಿಲ್ಲ.

ಅವರು ಕೈಗೆತ್ತಿಕೊಂಡದ್ದು ಬಹಳ ದೊಡ್ಡ ಆಪರೇಷನ್. ಗಾರೆಯನ್ನು ಕೆರೆದು ತೆಗೆಯಲಾಗದಿದ್ದರೆ ಗೋಡೆಯನ್ನೇ ತೆಗೆಯುವುದು. ಒಂದು ಕಡೆಯ ಶ್ವಾಸಕೋಶ, ಅದರ ಪೊರೆ, ಕೆಳಗಿನ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ), ಹೃದಯದ ಸುತ್ತಲಿನ ಚೀಲದ ಭಾಗ, ಎಲ್ಲವನ್ನೂ ಒಟ್ಟಿಗೆ ತೆಗೆದು, ವಪೆ ಮತ್ತು ಚೀಲದ ಜಾಗಕ್ಕೆ ಕೃತಕ ತೇಪೆ ಹಾಕುವುದು. 1976ರಲ್ಲಿ ಬ್ರಿಟನ್ನಿನಲ್ಲಿ 29 ರೋಗಿಗಳಿಗೆ ಈ ಆಪರೇಷನ್ ಮಾಡಿದ ವರದಿ ಬಂದಿತ್ತು. ಆಪರೇಷನ್‌ನಿಂದಲೇ ತೀರಿಕೊಂಡವರು ಶೇಕಡಾ 31. ಸುಮಾರು ಮೂವರಲ್ಲಿ ಒಬ್ಬರು. ಹೆಚ್ಚಿನ ಸರ್ಜನ್‌ಗಳು ಇದರ ಗೊಡವೆಯೇ ಬೇಡ ಅಂದುಕೊಂಡರು.

ಶುಗರ್‌ಬೇಕರ್ ತಂಡ ಅದನ್ನೇ ಹಿಡಿದು ಕುಳಿತಿತು. ಯಾರಿಗೆ ಮಾಡಬೇಕು, ಯಾರಿಗೆ ಮಾಡಬಾರದು ಅಂತ ಆರಿಸುವುದನ್ನು ಕಲಿತರು. ಆಪರೇಷನ್ ಆದ ಮೇಲಿನ ದಿನಗಳಲ್ಲಿ ಏನೇನು ಕೆಡುತ್ತದೆ, ಅದು ಯಾವ ದಿನ ಕೆಡುತ್ತದೆ ಅನ್ನುವುದು ನರ್ಸ್‌ಗಳಿಂದ ಹಿಡಿದು ಎಲ್ಲರಿಗೂ ಬಾಯಿಪಾಠವಾಯಿತು. ಜೊತೆಗೆ ಕೀಮೋ ಮತ್ತು ರೇಡಿಯೇಷನ್ ಸೇರಿಸಿದರು. 1999ರಲ್ಲಿ 183 ರೋಗಿಗಳ ಫಲಿತಾಂಶ ಪ್ರಕಟಿಸಿದಾಗ ಆಪರೇಷನ್‌ನ ಸಾವು ಶೇಕಡಾ 3.8ಕ್ಕೆ ಇಳಿದಿತ್ತು. 31ರಿಂದ 3.8ಕ್ಕೆ! ಒಂದೇ ಕೆಲಸವನ್ನು ಒಂದೇ ಜಾಗದಲ್ಲಿ, ಒಂದೇ ತಂಡ ನೂರಾರು ಸಲ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಇದು ಪುರಾವೆ. ಎಲ್ಲ ರೀತಿಯಲ್ಲೂ ಅನುಕೂಲವಾಗಿದ್ದ 31 ರೋಗಿಗಳ ಒಂದು ಸಣ್ಣ ಗುಂಪಿನಲ್ಲಿ ಶೇಕಡಾ 46ರಷ್ಟು ಜನ ಐದು ವರ್ಷ ಬದುಕಿದರು. ಈ ಕ್ಯಾನ್ಸರಿನಲ್ಲಿ ಅದು ದೊಡ್ಡ ಮಾತು.

ಆದರೆ ಒಂದು ಪ್ರಶ್ನೆ ಉಳಿದಿತ್ತು. ಇವರು ಹೆಚ್ಚು ದಿನ ಬದುಕಿದ್ದು ಆಪರೇಷನ್‌ನಿಂದಲೋ, ಅಥವಾ ಮೊದಲೇ ಗಟ್ಟಿಮುಟ್ಟಾಗಿದ್ದವರನ್ನು ಆರಿಸಿಕೊಂಡದ್ದರಿಂದಲೋ? ಓಟಕ್ಕೆ ಚೆನ್ನಾಗಿ ಓಡುವವರನ್ನೇ ಆರಿಸಿ, ಅವರು ಗೆದ್ದದ್ದು ಹೊಸ ಬೂಟಿನಿಂದ ಅಂದರೆ ಒಪ್ಪಲಾಗುವುದಿಲ್ಲ ಅಲ್ವಾ? ಬೂಟಿನ ಗುಣ ತಿಳಿಯಬೇಕಾದರೆ ಒಂದೇ ತರಹದ ಓಟಗಾರರನ್ನು ಚೀಟಿ ಎತ್ತಿ ಎರಡು ಗುಂಪು ಮಾಡಬೇಕು. ಒಂದು ಗುಂಪಿಗೆ ಬೂಟು, ಇನ್ನೊಂದಕ್ಕೆ ಇಲ್ಲ. ವೈದ್ಯಕೀಯದಲ್ಲಿ ಇದಕ್ಕೆ ಯಾದೃಚ್ಛಿಕ ಪರೀಕ್ಷೆ ಅನ್ನುತ್ತಾರೆ. ಆಡುಮಾತಿನಲ್ಲಿ ಟ್ರಯಲ್.

ಬ್ರಿಟನ್ನಿನಲ್ಲಿ ಮಾರ್ಸ್ ಎಂಬ ಹೆಸರಿನಲ್ಲಿ ಆ ಟ್ರಯಲ್ ನಡೆಯಿತು. 2011ರಲ್ಲಿ ಫಲಿತಾಂಶ ಬಂತು. ಕೇವಲ 50 ಜನರ ಸಣ್ಣ ಟ್ರಯಲ್. ಆದರೂ ದೊಡ್ಡ ಆಪರೇಷನ್ ಆದವರಿಗೆ ಲಾಭವಾಗಲಿಲ್ಲ, ತೊಂದರೆಯೇ ಜಾಸ್ತಿ ಆದ ಹಾಗೆ ಕಂಡಿತು. ಅಷ್ಟು ಹೊತ್ತಿಗೆ ಅನೇಕ ಸರ್ಜನ್‌ಗಳು ಶ್ವಾಸಕೋಶ ಉಳಿಸಿ ಪೊರೆಯನ್ನು ಮಾತ್ರ ಸುಲಿದು ತೆಗೆಯುವ ಇನ್ನೊಂದು ಆಪರೇಷನ್ ಕಡೆ ಹೊರಳುತ್ತಿದ್ದರು. ಅದನ್ನೂ ಪರೀಕ್ಷೆಗೆ ಒಡ್ಡಿದರು. 335 ಜನರ ಮಾರ್ಸ್-2 ಟ್ರಯಲ್‌ನ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಕೀಮೋ ಜೊತೆಗೆ ಆಪರೇಷನ್ ಆದವರ ಮಧ್ಯಾಂಕ ಆಯಸ್ಸು, ಅಂದರೆ ಅರ್ಧ ಜನ ದಾಟಿದ ಆಯಸ್ಸು, 19.3 ತಿಂಗಳು. ಬರೀ ಕೀಮೋ ಪಡೆದವರದ್ದು 24.8 ತಿಂಗಳು. ಈ ಫಲಿತಾಂಶವನ್ನು ಹೇಗೆ ಓದಬೇಕು, ಯಾವ ರೋಗಿಗೆ ಇನ್ನೂ ಆಪರೇಷನ್ ಸರಿ ಅನ್ನುವ ಬಗ್ಗೆ ತಜ್ಞರಲ್ಲಿ ಈಗಲೂ ಚರ್ಚೆ ನಡೆದಿದೆ.

ಹಾಗಾದರೆ ಆ ಮೂವತ್ತು ವರ್ಷದ ಕೆಲಸ ವ್ಯರ್ಥವೇ? ನನಗೆ ಹಾಗನ್ನಿಸುವುದಿಲ್ಲ. ಯಾರೂ ಮುಟ್ಟದ ರೋಗಕ್ಕೆ ಒಂದು ತಂಡ ಕಟ್ಟಿದ್ದು, ಅಂಗಾಂಶಗಳನ್ನು ಕೂಡಿಟ್ಟದ್ದು, ರೋಗಿಗಳನ್ನು ವಿಂಗಡಿಸುವ ಬಗೆ ಕಲಿಸಿದ್ದು, ಪರೀಕ್ಷೆಗೆ ಒಡ್ಡಬಹುದಾದಷ್ಟು ಖಚಿತವಾದ ಒಂದು ಚಿಕಿತ್ಸೆಯನ್ನು ಮುಂದಿಟ್ಟದ್ದು, ಇವೆಲ್ಲ ಆ ವೃತ್ತಿಯಿಂದಲೇ ಬಂದವು. ಆದರೆ ಈ ದಾರಿಗೆ ಬರುವ ಡಾಕ್ಟರ್ ಒಂದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ತಾನು ಜೀವಮಾನವಿಡೀ ಕಲಿತ ಕೈಚಳಕ ಬೇಡ ಅಂತ ಒಂದು ದಿನ ಅಂಕಿ ಅಂಶ ಹೇಳಬಹುದು. ಆಗ ರೋಗಿಯ ಮುಂದೆ ಕೂತು ಅದನ್ನೇ ಹೇಳಬೇಕು.

ಡೇವಿಡ್ ಅವರ ಅಣ್ಣ ಪಾಲ್ ಕೂಡ ಸರ್ಜನ್. ಹೊಟ್ಟೆಯ ಪೊರೆಯ ಕ್ಯಾನ್ಸರ್‌ಗಳಲ್ಲಿ, ಕಾಣುವ ಗಡ್ಡೆಯನ್ನೆಲ್ಲ ತೆಗೆದು, ಬಿಸಿ ಮಾಡಿದ ಕೀಮೋ ದ್ರವದಿಂದ ಹೊಟ್ಟೆಯೊಳಗನ್ನು ತೊಳೆಯುವ ಚಿಕಿತ್ಸೆಯನ್ನು ಬೆಳೆಸಿದವರಲ್ಲಿ ಅವರು ಮುಖ್ಯರು. ಹೊಟ್ಟೆಯ ಮೀಸೋಥೀಲಿಯೋಮಾದಲ್ಲಿ ಆರಿಸಿದ ರೋಗಿಗಳಿಗೆ ಈ ಚಿಕಿತ್ಸೆ ಈಗಲೂ ನಡೆಯುತ್ತದೆ.

ಹೊಸ ಔಷಧ ಬರಲು ಇಷ್ಟು ತಡ ಯಾಕೆ?

ಒಂದು ಸಣ್ಣ ಲೆಕ್ಕ ಹಾಕಿ. ಒಂದು ಔಷಧದ ಗುಣ ನಂಬುವಂತೆ ತಿಳಿಯಲು 600 ರೋಗಿಗಳು ಬೇಕು. ಒಂದು ಆಸ್ಪತ್ರೆಗೆ ವರ್ಷಕ್ಕೆ 10 ಜನ ಬರುತ್ತಾರೆ. ಎಲ್ಲರೂ ಒಪ್ಪಿದರೂ 60 ವರ್ಷ ಬೇಕು. ಅಷ್ಟರಲ್ಲಿ ಡಾಕ್ಟರೇ ನಿವೃತ್ತರಾಗಿರುತ್ತಾರೆ.

ಇದರಿಂದಲೇ ಈ ತಜ್ಞರ ವೃತ್ತಿಯ ದೊಡ್ಡ ಪಾಲು ಬೇರೆ ದೇಶದವರ ಜೊತೆ ಕೈಜೋಡಿಸುವುದರಲ್ಲಿ ಹೋಗುತ್ತದೆ. 2003ರಲ್ಲಿ ಪೆಮೆಟ್ರೆಕ್ಸೆಡ್ ಎಂಬ ಔಷಧವನ್ನು ಹಳೆಯ ಸಿಸ್‌ಪ್ಲಾಟಿನ್ ಜೊತೆ ಕೊಟ್ಟು ನೋಡಿದ ಟ್ರಯಲ್ ಹೊರಬಂತು. ಮಧ್ಯಾಂಕ ಆಯಸ್ಸು 9.3 ತಿಂಗಳಿಂದ 12.1 ತಿಂಗಳಿಗೆ ಏರಿತ್ತು. ಮುಂದಿನ ದೊಡ್ಡ ಹೆಜ್ಜೆಗೆ ಸುಮಾರು ಹದಿನೇಳು ವರ್ಷ ಕಾಯಬೇಕಾಯಿತು. ದೇಹದ ರೋಗನಿರೋಧಕ ಶಕ್ತಿಗೆ ಹಾಕಿದ್ದ ಬ್ರೇಕನ್ನು ತೆಗೆಯುವ ಎರಡು ಔಷಧಗಳು, ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್. 21 ದೇಶಗಳ 103 ಆಸ್ಪತ್ರೆಗಳು ಸೇರಿದ್ದರಿಂದ 605 ರೋಗಿಗಳು ಸುಮಾರು ಒಂದೂವರೆ ವರ್ಷದಲ್ಲೇ ಸಿಕ್ಕರು. ಕೀಮೋ ಪಡೆದವರ ಮಧ್ಯಾಂಕ ಆಯಸ್ಸು 14.1 ತಿಂಗಳು, ಇವರದ್ದು 18.1 ತಿಂಗಳು. 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ನಾಲ್ಕು ತಿಂಗಳು ಅಂದರೆ ಓದುವವರಿಗೆ ಅಷ್ಟೇನಾ ಅನ್ನಿಸಬಹುದು. ಇಲ್ಲಿ ಮಧ್ಯಾಂಕ ಅನ್ನುವ ಪದವನ್ನು ಬಿಡಿಸಿ ಹೇಳಬೇಕು. ನೂರು ರೋಗಿಗಳನ್ನು ಆಯಸ್ಸಿನ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಡುವೆ ನಿಲ್ಲುವವರ ಆಯಸ್ಸೇ ಮಧ್ಯಾಂಕ. ಅರ್ಧ ಜನ ಅದಕ್ಕಿಂತ ಕಡಿಮೆ ಬದುಕುತ್ತಾರೆ, ಅರ್ಧ ಜನ ಜಾಸ್ತಿ. ಆ ಜಾಸ್ತಿ ಎಷ್ಟು ದೂರ ಹೋಗಬಹುದು ಅಂತ ಮಧ್ಯಾಂಕ ಹೇಳುವುದೇ ಇಲ್ಲ. ಅಮೆರಿಕದ ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯ ಮೀಸೋಥೀಲಿಯೋಮಾ ಪತ್ತೆಯಾದಾಗ ಮಧ್ಯಾಂಕ ಆಯಸ್ಸು ಎಂಟು ತಿಂಗಳು ಅಂತ ಅವರು ಓದಿದ್ದರು. ಅವರು 20 ವರ್ಷ ಬದುಕಿದರು. 2002ರಲ್ಲಿ ತೀರಿಕೊಂಡದ್ದು ಬೇರೆ ಕ್ಯಾನ್ಸರಿನಿಂದ. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಯಾವ ಒಳ್ಳೆಯ ಡಾಕ್ಟರೂ ಹೇಳುವುದಿಲ್ಲ. "ನಿಮಗೆ ಇಷ್ಟೇ ತಿಂಗಳು" ಅಂತಲೂ ಹೇಳುವುದಿಲ್ಲ. ಸಾಲಿನಲ್ಲಿ ಈ ರೋಗಿ ಎಲ್ಲಿ ನಿಲ್ಲಬಹುದು ಅಂತ ಊಹಿಸಲು ಕ್ಯಾನ್ಸರಿನ ಬಗೆ, ಹರಡಿರುವ ರೀತಿ, ವಯಸ್ಸು, ಓಡಾಡುವ ಶಕ್ತಿ ಎಲ್ಲವನ್ನೂ ನೋಡುತ್ತಾರೆ. ನೂರಾರು ಜನರನ್ನು ನೋಡಿದವರ ಊಹೆಗೂ, ಇಬ್ಬರನ್ನು ನೋಡಿದವರ ಊಹೆಗೂ ಇರುವ ಅಂತರ ಇಲ್ಲಿ ಗೊತ್ತಾಗುತ್ತದೆ.

ಆಸ್ಪತ್ರೆಯ ಹೊರಗಿನ ಕೆಲಸ

ಟರ್ಕಿಯ ಕಪ್ಪದೋಕಿಯ ಪ್ರದೇಶದಲ್ಲಿ ಕರೈನ್ ಎಂಬ ಒಂದು ಹಳ್ಳಿ ಇದೆ. 1970ರ ದಶಕದಲ್ಲಿ ಇಜ್ಜೆತ್ತಿನ್ ಬಾರಿಶ್ ಎಂಬ ಶ್ವಾಸಕೋಶದ ಡಾಕ್ಟರ್ ಅಲ್ಲಿಂದ ಮೀಸೋಥೀಲಿಯೋಮಾ ರೋಗಿಗಳು ಲೆಕ್ಕ ಮೀರಿ ಬರುತ್ತಿರುವುದನ್ನು ಗಮನಿಸಿದರು. ಅಲ್ಲಿ ಕಲ್ನಾರಿನ ಫ್ಯಾಕ್ಟರಿ ಇರಲಿಲ್ಲ. ಕಾರಣ ಎರಿಯೊನೈಟ್ ಎಂಬ ಇನ್ನೊಂದು ಎಳೆಎಳೆ ಖನಿಜ. ಜನ ಮನೆ ಕಟ್ಟುತ್ತಿದ್ದ ಕಲ್ಲಿನಲ್ಲೇ ಅದಿತ್ತು.

2011ರಲ್ಲಿ ಮತ್ತೊಂದು ಗಂಟು ಬಿಚ್ಚಿತು. ಅಮೆರಿಕದ ಎರಡು ಕುಟುಂಬಗಳಲ್ಲಿ ಈ ಕ್ಯಾನ್ಸರ್ ಮತ್ತೆ ಮತ್ತೆ ಬಂದಿತ್ತು. ಬಿಎಪಿ1 ಎಂಬ ಜೀನ್‌ನಲ್ಲಿ ಹುಟ್ಟಿನಿಂದ ಬಂದ ದೋಷ ಇರುವುದು ಗೊತ್ತಾಯಿತು. ಹೀಗಾಗಿ ಈಗ ತಜ್ಞರು ರೋಗಿಯ ಮನೆಯವರ ಬಗ್ಗೆಯೂ ಕೇಳುತ್ತಾರೆ. ಕಣ್ಣಿನ ಮೆಲನೋಮಾ ಎಂಬ ಕ್ಯಾನ್ಸರ್, ಮೂತ್ರಪಿಂಡದ ಕ್ಯಾನ್ಸರ್ ಯಾರಿಗಾದರೂ ಬಂದಿತ್ತೇ ಅಂತ ವಿಚಾರಿಸುತ್ತಾರೆ. ಆ ಜೀನ್‌ನ ದೋಷ ಅವುಗಳಿಗೂ ದಾರಿ ಮಾಡಬಹುದು.

ಕಲ್ನಾರಿಗೆ ಐಸ್‌ಲ್ಯಾಂಡ್ 1983ರಲ್ಲೇ ನಿಷೇಧ ಹಾಕಿತು. ಯುರೋಪಿಯನ್ ಒಕ್ಕೂಟದಲ್ಲಿ 2005ರಿಂದ ನಿಷೇಧವಿದೆ. ಅಮೆರಿಕ ಕೊನೆಯದಾಗಿ ಬಳಕೆಯಲ್ಲಿದ್ದ ಬಿಳಿ ಕಲ್ನಾರನ್ನು ನಿಷೇಧಿಸಿದ್ದು 2024ರಲ್ಲಿ. ಅನೇಕ ದೇಶಗಳಲ್ಲಿ ಈಗಲೂ ಬಳಸುತ್ತಾರೆ. 20ರಿಂದ 50 ವರ್ಷದ ಆ ಲೆಕ್ಕವನ್ನು ಮತ್ತೆ ನೆನಪಿಸಿಕೊಳ್ಳಿ. ಇವತ್ತು ಓದುತ್ತಿರುವ ವೈದ್ಯ ವಿದ್ಯಾರ್ಥಿಯ ವೃತ್ತಿ ಮುಗಿಯುವವರೆಗೂ ಈ ರೋಗಿಗಳು ಬರುತ್ತಲೇ ಇರುತ್ತಾರೆ.

ಇಂಥ ಡಾಕ್ಟರನ್ನು ಕಾಣಲು ಹೋಗುವ ಮುಂಚೆ

ಕೇಳಲು ಸಂಕೋಚ ಬೇಡದ ಪ್ರಶ್ನೆ ಒಂದಿದೆ: "ಇಂಥ ರೋಗಿಗಳನ್ನು ನೀವು ವರ್ಷಕ್ಕೆ ಎಷ್ಟು ಜನರನ್ನು ನೋಡುತ್ತೀರಿ?" ತಜ್ಞರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಅವರ ಇಡೀ ವೃತ್ತಿ ನಿಂತಿರುವುದೇ ಆ ಸಂಖ್ಯೆಯ ಮೇಲೆ. ನಮ್ಮ ವಿಷಯ ಮೀಟಿಂಗ್‌ನಲ್ಲಿ ಚರ್ಚೆಯಾಗುತ್ತದೆಯೇ, ನಮಗೆ ಹೊಂದುವ ಟ್ರಯಲ್ ಎಲ್ಲಾದರೂ ನಡೆಯುತ್ತಿದೆಯೇ ಅಂತಲೂ ಕೇಳಿ. ತಜ್ಞರು ದೂರದಲ್ಲಿದ್ದರೆ ಪ್ರತಿ ಸಲವೂ ಅಲ್ಲಿಗೇ ಓಡಬೇಕಾಗಿಲ್ಲ. ಅವರು ದಾರಿ ಹಾಕಿಕೊಟ್ಟರೆ ಹತ್ತಿರದ ಆಸ್ಪತ್ರೆಯಲ್ಲೇ ಚಿಕಿತ್ಸೆ ನಡೆಸಬಹುದಾದ ಸಂದರ್ಭಗಳು ಬೇಕಾದಷ್ಟಿವೆ. ಮೊದಲು ಹೇಳಿದ ಆ ಡಾಕ್ಟರ್, "ನಾನು ನೋಡಿರುವುದು ಕಡಿಮೆ" ಅಂದವರು, ಆಗ ಮತ್ತೆ ಬೇಕಾಗುತ್ತಾರೆ.

ಹೋಗುವಾಗ ಬರೀ ರಿಪೋರ್ಟ್ ಸಾಲದು. ಸ್ಕ್ಯಾನ್‌ನ ಚಿತ್ರಗಳಿರುವ ಡಿಸ್ಕ್ ಬೇಕು. ಹದಿನೆಂಟನೇ ವಯಸ್ಸಿನಿಂದ ಎಲ್ಲೆಲ್ಲಿ ಇದ್ದಿರಿ, ಏನೇನು ಕೆಲಸ ಮಾಡಿದಿರಿ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಕೋಣೆಯೊಳಗೆ ಕೂತ ಮೇಲೆ ನೆನಪಾಗುವುದಿಲ್ಲ. ಬಯಾಪ್ಸಿ ಮಾಡಿದ ಲ್ಯಾಬ್‌ನಿಂದ ಸ್ಲೈಡ್‌ಗಳನ್ನೂ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ದೇಹದಿಂದ ತೆಗೆದ ಆ ಚೂರನ್ನು ಹೆಬ್ಬೆರಳಿನಷ್ಟು ಮೇಣದ ತುಂಡಿನಲ್ಲಿ ಹುದುಗಿಸಿ ಇಟ್ಟಿರುತ್ತಾರೆ. ಅದು ವರ್ಷಗಟ್ಟಲೆ ಕೆಡುವುದಿಲ್ಲ. ಕೂದಲಿಗಿಂತ ತೆಳುವಾದ ಹಾಳೆಗಳನ್ನು ಅದರಿಂದ ಮತ್ತೆ ಮತ್ತೆ ಕತ್ತರಿಸಿ, ಆಗ ಇರದಿದ್ದ ಹೊಸ ಪರೀಕ್ಷೆಗಳನ್ನೂ ಮುಂದೆ ಮಾಡಬಹುದು. ಬಿಎಪಿ1 ಪರೀಕ್ಷೆ ಬಂದಾಗ ತಜ್ಞರು ಮಾಡಿದ್ದೂ ಅದನ್ನೇ. ಕಪಾಟಿನಲ್ಲಿದ್ದ ಹಳೆಯ ಬ್ಲಾಕ್‌ಗಳನ್ನು ಹೊರತೆಗೆದು, ಎಂದೋ ಬಂದುಹೋಗಿದ್ದ ರೋಗಿಗಳ ಆ ಚೂರುಗಳನ್ನು ಹೊಸ ಬಣ್ಣ ಹಾಕಿ ಮತ್ತೊಮ್ಮೆ ನೋಡಿದರು.